ಜಾಮ್‌ರಾಕ್: ಐವತ್ತು ವರ್ಷದ ಹಿಂದಿನ ಹಾಡು ಈಗ ಯಾರದ್ದು?

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ರ್‍ಯಾಪರ್ ಟೈಲರ್ ದಿ ಕ್ರಿಯೇಟರ್ 'ನಾಯ್ಡ್' ಅನ್ನೋ ಹಾಡು ಬಿಡುಗಡೆ ಮಾಡಿದರು. ಹಾಡಿನಲ್ಲಿ ಕರಕರ ಅನ್ನುವ ಒಂದು ಗಿಟಾರ್ ಇದೆ. ಅದರ ಜೊತೆಗೆ ಇಂಗ್ಲಿಷ್ ಅಲ್ಲದ ಯಾವುದೋ ಭಾಷೆಯ ದನಿ. ಇದು ಎಲ್ಲಿಯದು ಅಂತ ಕೇಳಿದವರೆಲ್ಲ ಹುಡುಕಿದರು. ಹುಡುಕಾಟ ಹೋಗಿ ನಿಂತಿದ್ದು ಜಾಂಬಿಯಾದಲ್ಲಿ. 1977ರಲ್ಲಿ ಎನ್‌ಗೋಜಿ ಫ್ಯಾಮಿಲಿ ಎಂಬ ತಂಡ ನ್ಯಾಂಜಾ ಭಾಷೆಯಲ್ಲಿ ಹಾಡಿದ 'ನಿಜಾಕುಪಂಗಾ ಎನ್‌ಗೋಜಿ'ಯ ತುಣುಕು ಅದು.

1970ರ ದಶಕದ ಜಾಂಬಿಯಾದ ಈ ರಾಕ್ ಸಂಗೀತಕ್ಕೆ ಇರುವ 'ಜಾಮ್‌ರಾಕ್' ಅನ್ನೋ ಹೆಸರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಲ್ಲಿ ಕಾಣಿಸುತ್ತಿದೆ. 1970ರ ದಶಕದ ವಿಚ್ ತಂಡ 2023ರಲ್ಲಿ ಒಂದು, 2025ರಲ್ಲಿ ಇನ್ನೊಂದು ಹೊಸ ಆಲ್ಬಂ ತಂದಿತು. ಜಾಂಬಿಯಾದಲ್ಲಿ ಹುಟ್ಟಿದ ರ್‍ಯಾಪರ್ ಸಂಪಾ ದಿ ಗ್ರೇಟ್ ತನ್ನ ಹೊಸ ಸಂಗೀತಕ್ಕೆ 'ನ್ಯೂ ಜಾಮ್‌ರಾಕ್' ಅಂತಲೇ ಹೆಸರಿಟ್ಟಿದ್ದಾರೆ. ಹಳೇ ರೆಕಾರ್ಡುಗಳ ಮೂಲ ಪ್ರತಿಗಳು ನೂರಾರು ಡಾಲರಿಗೆ ಮಾರಾಟವಾಗುತ್ತಿವೆ.

ಇದನ್ನು ಮೊದಲ ಸಲ ಓದುವವರಿಗೆ ಗೊಂದಲ ಆಗುವುದು ಸಹಜ. ಆಫ್ರಿಕಾದ ಮಧ್ಯದಲ್ಲಿರುವ ದೇಶದಲ್ಲಿ ರಾಕ್ ಸಂಗೀತ ಎಲ್ಲಿಂದ ಬಂತು? ಅಷ್ಟು ಚೆನ್ನಾಗಿದ್ದರೆ ನಡುವೆ ಎಲ್ಲಿ ಹೋಗಿತ್ತು? ಈಗ ಬರುತ್ತಿರುವ ದುಡ್ಡು ಯಾರ ಕೈ ಸೇರುತ್ತಿದೆ? ಮೂರಕ್ಕೂ ಉತ್ತರ ಒಂದೇ ದಾರದಲ್ಲಿ ಸಿಗುತ್ತದೆ. ಆ ದಾರ ತಾಮ್ರದ್ದು.

ಮೊದಲು ತಾಮ್ರ

ಜಾಂಬಿಯಾ 1964ರ ಅಕ್ಟೋಬರ್ 24ರಂದು ಬ್ರಿಟನ್ನಿನಿಂದ ಸ್ವತಂತ್ರವಾಯಿತು. ಅದಕ್ಕೂ ಮೊದಲು ಅದು ಉತ್ತರ ರೊಡೇಷಿಯಾ. ಸುತ್ತ ಎಂಟು ದೇಶಗಳಿವೆ, ಕಡಲು ಎಲ್ಲೂ ಇಲ್ಲ. ಉತ್ತರದಲ್ಲಿ ಕಾಪರ್‌ಬೆಲ್ಟ್ ಅಂತ ಕರೆಯುವ ಗಣಿಗಳ ಸಾಲು ಇದೆ. ಕಿಟ್ವೆ, ಎನ್‌ಡೋಲಾ, ಚಿಂಗೋಲಾ, ಮುಫುಲಿರಾ, ಲುವಾನ್ಷಿಯಾ ಎಲ್ಲ ಗಣಿಯ ಸುತ್ತ ಬೆಳೆದ ಊರುಗಳು. ಆಗ ದೇಶದ ರಫ್ತಿನ ದುಡ್ಡಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ತಾಮ್ರದಿಂದಲೇ ಬರುತ್ತಿತ್ತು.

ಗಣಿ ಊರಿನಲ್ಲಿ ತಿಂಗಳು ತಿಂಗಳು ಸಂಬಳ ಬರುತ್ತದೆ. ಸಂಬಳ ಬಂದ ವಾರಾಂತ್ಯ ಜನ ಹೊರಗೆ ಹೋಗುತ್ತಾರೆ, ಕುಣಿಯುತ್ತಾರೆ. ಗಣಿ ಕಂಪನಿಗಳೇ ಕಾರ್ಮಿಕರಿಗಾಗಿ ಸಭಾಂಗಣ, ಕ್ಲಬ್ಬು ಕಟ್ಟಿಸಿದ್ದವು. ಅಲ್ಲಿ ನುಡಿಸಲು ತಂಡ ಬೇಕಿತ್ತು. ಗಣಿಗಳಲ್ಲಿ ಕೆಲಸಕ್ಕಿದ್ದ ಬಿಳಿಯರ ಜೊತೆ ಬ್ರಿಟನ್ ಮತ್ತು ಅಮೆರಿಕದ ರೆಕಾರ್ಡುಗಳೂ ಬಂದವು. ಜಿಮಿ ಹೆಂಡ್ರಿಕ್ಸ್, ರೋಲಿಂಗ್ ಸ್ಟೋನ್ಸ್, ಡೀಪ್ ಪರ್ಪಲ್, ಜೇಮ್ಸ್ ಬ್ರೌನ್. ಊರಿನ ಹುಡುಗರು ಅವನ್ನು ಕೇಳಿ ಕೇಳಿ ಗಿಟಾರ್ ಕಲಿತರು.

ಅಂದರೆ ದುಡ್ಡು, ಜಾಗ, ಕೇಳುಗರು, ಕಲಿಯಲು ಹಾಡು ನಾಲ್ಕೂ ಒಂದೇ ಕಡೆ ಸೇರಿದ್ದವು. ಜಾಮ್‌ರಾಕ್ ಸಂಬಳದ ಸಂಗೀತ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನೂರಕ್ಕೆ 95

ಮೊದಲ ಅಧ್ಯಕ್ಷ ಕೆನೆತ್ ಕೌಂಡಾ ಸ್ವತಃ ಗಿಟಾರ್ ನುಡಿಸುತ್ತಿದ್ದರು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಗಿಟಾರ್ ಹಿಡಿದು ಸೈಕಲ್ ಮೇಲೆ ಊರೂರು ಸುತ್ತಿದವರು. ಎಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳ ದೇಶವನ್ನು ಒಂದುಗೂಡಿಸುವುದು ಅವರ ದೊಡ್ಡ ಚಿಂತೆಯಾಗಿತ್ತು. 'ಒಂದೇ ಜಾಂಬಿಯಾ, ಒಂದೇ ರಾಷ್ಟ್ರ' ಅವರ ಘೋಷಣೆ. ಅದರ ಭಾಗವಾಗಿಯೇ ರೇಡಿಯೋದಲ್ಲಿ ಹಾಕುವ ಹಾಡುಗಳಲ್ಲಿ ನೂರಕ್ಕೆ 95 ಜಾಂಬಿಯಾದ್ದೇ ಆಗಿರಬೇಕು ಅಂತ ಆಜ್ಞೆ ಮಾಡಿದರು.

ಇದರ ಪರಿಣಾಮ ಸರ್ಕಾರ ಅಂದುಕೊಂಡಂತೆ ಪೂರ್ತಿ ಆಗಲಿಲ್ಲ. ಹಳ್ಳಿಯ ಜಾನಪದ ಹಾಡು ಮುಂದೆ ಬರಲಿ ಅನ್ನೋದು ಮೇಲಿನವರ ಆಸೆ. ಆದರೆ ಪೇಟೆಯ ಹುಡುಗರ ತಲೆಯಲ್ಲಿ ಆಗಲೇ ರಾಕ್ ತುಂಬಿತ್ತು. ಬೇರೆಯವರ ಹಾಡನ್ನೇ ನುಡಿಸಿದರೆ ರೇಡಿಯೋಗೆ ಬರಲ್ಲ ಅಂದಮೇಲೆ ಅವರು ಸ್ವಂತ ಹಾಡು ಬರೆಯಲು ಶುರುಮಾಡಿದರು. ಮೊದಮೊದಲು ಇಂಗ್ಲಿಷ್‌ನಲ್ಲಿ, ಬರಬರುತ್ತಾ ಬೆಂಬಾ ಮತ್ತು ನ್ಯಾಂಜಾದಲ್ಲಿ. ಗಿಟಾರ್ ಹೊರಗಿನದು. ಕೆಳಗಿನ ಡ್ರಮ್ಮು, ಬೇಸ್‌ಗೆ ಊರಿನ ಕುಣಿತದ ನಡೆ.

ಇದಕ್ಕೆ 'ಜಾಮ್‌ರಾಕ್' ಅಂತ ಹೆಸರಿಟ್ಟವರು ಎಂಬ ಹಿರಿಮೆ ರೇಡಿಯೋದ ಮನಾಸೆ ಫಿರಿಗೆ ಸಲ್ಲುತ್ತದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಅವರು ಇನ್ನೊಮ್ಮೆ ಬರುತ್ತಾರೆ.

ಆ ಕರಕರ ಸದ್ದಿನ ಒಳಗೆ

ಜಾಮ್‌ರಾಕ್ ಕೇಳಿದ ಯಾರಿಗಾದರೂ ಮೊದಲು ಕಿವಿಗೆ ಬೀಳುವುದು 'ಫಜ್' ಅನ್ನುವ ಆ ಒರಟು ಗಿಟಾರ್. ಇದು ಹೇಗೆ ಹುಟ್ಟುತ್ತದೆ ನೋಡೋಣ.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ. ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ತಂತಿ ಅದುರಿದಾಗ ಈ ತಾಮ್ರದಲ್ಲಿ ಸಣ್ಣದೊಂದು ಕರೆಂಟು ಹರಿಯುತ್ತದೆ. ಅದು ಕಾಲಡಿಯ ಫಜ್ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆ ಆ ಕರೆಂಟನ್ನು ತನ್ನ ಮಿತಿ ಮೀರಿ ಹಿಗ್ಗಿಸುತ್ತದೆ. ಅಲೆಯ ದುಂಡನೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಕತ್ತರಿಸಿದ ಅಂಚೇ ನಮ್ಮ ಕಿವಿಗೆ ಕರಕರ ಅಂತ ಕೇಳುವುದು.

ಇದರಿಂದ ಒಂದು ಲಾಭ ಇದೆ. ಒಬ್ಬನೇ ನುಡಿಸಿದರೂ ಇಡೀ ಹಾಲ್ ತುಂಬುತ್ತದೆ. ನಾಲ್ಕೈದು ಜನರ ತಂಡಕ್ಕೆ, ಸಲಕರಣೆ ಕಡಿಮೆ ಇರುವವರಿಗೆ ಇದು ದೊಡ್ಡ ಆಸರೆ. ಎನ್‌ಗೋಜಿ ಫ್ಯಾಮಿಲಿಯ ಪಾಲ್ ಎನ್‌ಗೋಜಿ ಇದರಲ್ಲಿ ಎತ್ತಿದ ಕೈ. ವೇದಿಕೆಯ ಮೇಲೆ ಹಲ್ಲಿನಿಂದ ಗಿಟಾರ್ ನುಡಿಸುತ್ತಿದ್ದರು. 'ಎನ್‌ಗೋಜಿ' ಅಂದರೆ ಅಪಾಯ, ಅಪಘಾತ.

ಹೆಸರುಗಳಲ್ಲೇ ಆ ಕಾಲದ ಹುರುಪು ಕಾಣುತ್ತದೆ ಅಲ್ವಾ? ವಿಚ್ ಅನ್ನುವುದು 'ರಂಪ ಮಾಡುವುದೇ ನಮ್ಮ ಉದ್ದೇಶ' ಎಂಬ ಅರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳು. ಅಮನಾಜ್ ಅಂದರೆ 'ಜಾಂಬಿಯಾದ ಒಳ್ಳೇ ಕಲಾವಿದರ ಬಗ್ಗೆ ನನ್ನನ್ನು ಕೇಳಿ'. ಮುಸಿ-ಒ-ತುನ್ಯಾ ತಂಡ ಇಟ್ಟುಕೊಂಡಿದ್ದು ವಿಕ್ಟೋರಿಯಾ ಜಲಪಾತವನ್ನು ಅಲ್ಲಿನ ಜನ ಕರೆಯುವ ಹೆಸರನ್ನು. ವಿಚ್‌ನ ಗಾಯಕ ಎಮ್ಯಾನುಯೆಲ್ ಚಾಂಡಾರನ್ನು ಎಲ್ಲರೂ ಕರೆದಿದ್ದು 'ಜಗಾರಿ' ಅಂತ. ಮಿಕ್ ಜಾಗರ್ ಹೆಸರು ಜಾಂಬಿಯಾದ ನಾಲಿಗೆಯಲ್ಲಿ ಹಾಗಾಯಿತು. ಹೊಸ ದೇಶದ ಮೊದಲ ತಲೆಮಾರಿನ ಹುಡುಗರು ಇವರು. ಲೋಕವೆಲ್ಲ ತಮ್ಮ ಕಡೆ ತಿರುಗಿ ನೋಡಬೇಕು ಅಂತ ಬಯಸಿದವರು. ಇಂದು ಜನ ಈ ಸಂಗೀತಕ್ಕೆ ಹಂಬಲಿಸಲು ಮುಖ್ಯ ಕಾರಣ ಈ ಆತ್ಮವಿಶ್ವಾಸವೇ ಅಂತ ನನಗನಿಸುತ್ತದೆ.

ನಿಂತಿದ್ದು ಯಾಕೆ

ಜಾಮ್‌ರಾಕ್ ಒಂದೇ ಏಟಿಗೆ ಬಿದ್ದಿಲ್ಲ. ಒಂದರ ಹಿಂದೆ ಒಂದು ಆಸರೆ ಕಳಚಿತು.

1973ರ ಜನವರಿಯಲ್ಲಿ ದಕ್ಷಿಣದ ರೊಡೇಷಿಯಾ (ಈಗಿನ ಜಿಂಬಾಬ್ವೆ) ಜೊತೆಗಿನ ಗಡಿ ಮುಚ್ಚಿತು. ಅಲ್ಲಿನ ಬಿಳಿಯರ ಸರ್ಕಾರ ಮೊದಲು ಮುಚ್ಚಿತು. ಅವರು ಮತ್ತೆ ತೆರೆದರೂ ಕೌಂಡಾ ತಮ್ಮ ಕಡೆಯಿಂದ 1978ರವರೆಗೆ ತೆರೆಯಲಿಲ್ಲ. 1973ರಲ್ಲೇ ತೈಲದ ಬೆಲೆಯೂ ಏರಿತು. ಇನ್ನು ತಾಮ್ರ. 1974ರ ಏಪ್ರಿಲ್ ಹೊತ್ತಿಗೆ ತುದಿ ಮುಟ್ಟಿದ್ದ ಅದರ ಬೆಲೆ, ಆ ವರ್ಷ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. 1975ರಲ್ಲಿ ಅಂಗೋಲಾದ ಯುದ್ಧದಿಂದ ಪಶ್ಚಿಮದ ಕಡಲಿಗೆ ಹೋಗುವ ಬೆಂಗೆಲಾ ರೈಲು ಮಾರ್ಗವೂ ಕಡಿದುಹೋಯಿತು.

ಇದು ಗಿಟಾರ್ ನುಡಿಸುವವನಿಗೆ ಹೇಗೆ ತಟ್ಟಿತು? ತಾಮ್ರ ಮಾರಿ ಬರುವ ಡಾಲರ್ ಕಡಿಮೆಯಾಯಿತು. ಡಾಲರ್ ಇಲ್ಲದೆ ಆಮದು ಇಲ್ಲ. ಆಮದು ಇಲ್ಲದೆ ಗಿಟಾರಿನ ತಂತಿ, ಆಂಪ್ಲಿಫೈಯರ್, ರೆಕಾರ್ಡಿಗೆ ಬೇಕಾದ ಸಾಮಾನು ಯಾವುದೂ ಇಲ್ಲ. ದೇಶದೊಳಗೆ ಸ್ಟುಡಿಯೋ ಸೌಲಭ್ಯ ಮೊದಲೇ ತೀರಾ ಕಡಿಮೆ. ವಿಚ್ ತಂಡ 1975ರ ಆಲ್ಬಂ ರೆಕಾರ್ಡ್ ಮಾಡಲು ಕೀನ್ಯಾದ ನೈರೋಬಿವರೆಗೆ ಹೋಗಬೇಕಾಗಿತ್ತು. ಇತ್ತ ಗಣಿಯವರ ಜೇಬೂ ಬರಿದಾಯಿತು. ರೆಕಾರ್ಡ್ ಕೊಳ್ಳುವವರು ಯಾರು?

ಇದರ ಮೇಲೆ ಯುದ್ಧದ ನೆರಳು. ರೊಡೇಷಿಯಾ ಮತ್ತು ದಕ್ಷಿಣ ಆಫ್ರಿಕಾದ ವಿಮೋಚನಾ ಹೋರಾಟಗಾರರಿಗೆ ಕೌಂಡಾ ರಾಜಧಾನಿ ಲುಸಾಕಾದಲ್ಲಿ ಜಾಗ ಕೊಟ್ಟಿದ್ದರು. ಅದು ಧೈರ್ಯದ ತೀರ್ಮಾನ, ಬೆಲೆಯೂ ದೊಡ್ಡದೇ. 1978ರ ಅಕ್ಟೋಬರ್‌ನಲ್ಲಿ ರೊಡೇಷಿಯಾದ ವಿಮಾನಗಳು ಲುಸಾಕಾ ಹತ್ತಿರದ ಶಿಬಿರದ ಮೇಲೆ ಬಾಂಬು ಹಾಕಿದವು. 1979ರ ಏಪ್ರಿಲ್‌ನಲ್ಲಿ ಸೈನಿಕರು ಲುಸಾಕಾದೊಳಗೇ ನುಗ್ಗಿ ಹೋರಾಟದ ನಾಯಕ ಜೋಶುವಾ ಎನ್‌ಕೋಮೋ ಅವರ ಮನೆ ಒಡೆದರು. ಆ ವರ್ಷಗಳಲ್ಲಿ ರಾತ್ರಿ ಕರ್ಫ್ಯೂ, ದೀಪ ಆರಿಸುವ ಆದೇಶ. ಬೆಳಗಾಗುವ ತನಕ ನುಡಿಸುತ್ತಿದ್ದ ತಂಡಗಳು ಮಧ್ಯಾಹ್ನದ ಚಹಾ ಹೊತ್ತಿಗೆ ಕಾರ್ಯಕ್ರಮ ಇಟ್ಟುಕೊಳ್ಳಬೇಕಾಯಿತು. ಅಷ್ಟರಲ್ಲಿ ಡಿಸ್ಕೋ ಬಂತು. ತಂಡ ಕರೆಸುವುದಕ್ಕಿಂತ ರೆಕಾರ್ಡ್ ತಿರುಗಿಸುವುದು ಅಗ್ಗ.

ಕೊನೆಯ ಪೆಟ್ಟು ಏಡ್ಸ್. ಜಾಂಬಿಯಾದಲ್ಲಿ ಮೊದಲ ಪ್ರಕರಣ ಗುರುತಾಗಿದ್ದು 1984ರಲ್ಲಿ. ಔಷಧ ಇರಲಿಲ್ಲ, ಬಾಯಿಬಿಟ್ಟು ಮಾತಾಡುವವರೂ ಇರಲಿಲ್ಲ. ತಮ್ಮ ಮಗ ಏಡ್ಸ್‌ನಿಂದ ತೀರಿಹೋದ ಅಂತ 1987ರಲ್ಲಿ ಕೌಂಡಾ ಬಹಿರಂಗವಾಗಿ ಹೇಳಿದ್ದು ಆಗಿನ ಆಫ್ರಿಕಾದಲ್ಲಿ ಅಪರೂಪದ ಮಾತು. ಜಾಮ್‌ರಾಕ್ ತಲೆಮಾರಿನ ಅನೇಕರು 80 ಮತ್ತು 90ರ ದಶಕಗಳಲ್ಲಿ ಹೋಗಿಬಿಟ್ಟರು. ವಿಚ್ ತಂಡದ ಮೂಲ ಸದಸ್ಯರಲ್ಲಿ ಇಂದು ಉಳಿದಿರುವವರು ಜಗಾರಿ ಒಬ್ಬರೇ. ಈ ಸಂಗೀತಕ್ಕೆ ಹೆಸರು ಕೊಟ್ಟ ಮನಾಸೆ ಫಿರಿ ಮುಂದೆ ವೈದ್ಯರಾಗಿ, ಏಡ್ಸ್ ವಿರುದ್ಧದ ಹೋರಾಟದ ಪ್ರಮುಖ ದನಿಯಾದರು. ತಾನು ಹೆಸರಿಟ್ಟ ಸಂಗೀತದ ಹುಡುಗರನ್ನು ಕೊಂದ ಕಾಯಿಲೆಯ ಬಗ್ಗೆಯೇ ಅವರು ವರ್ಷಗಟ್ಟಲೆ ಮಾತಾಡಬೇಕಾಯಿತು.

ಬದುಕಿದವರು ಬೇರೆ ದಾರಿ ಹಿಡಿದರು. ಜಗಾರಿ ಮೇಷ್ಟ್ರಾದರು, ಆಮೇಲೆ ರತ್ನದ ಕಲ್ಲು ಹುಡುಕಿ ನೆಲ ಅಗೆದರು. ರಾಕ್ ಹಾಡಿದವರು ಮತ್ತೆ ಮಣ್ಣಿಗೇ ಇಳಿದರು.

ರೆಕಾರ್ಡುಗಳು ಹೊರಟ ದಾರಿ

ಸುಮಾರು 2000ದ ನಂತರ ಯುರೋಪ್ ಮತ್ತು ಅಮೆರಿಕದ ರೆಕಾರ್ಡ್ ಸಂಗ್ರಾಹಕರು ಇವನ್ನು ಹುಡುಕಲು ಶುರುಮಾಡಿದರು. ಕಡಿಮೆ ಪ್ರತಿ ಮುದ್ರಣವಾಗಿದ್ದರಿಂದ ಬೆಲೆ ಏರಿತು. ಕ್ಯಾಲಿಫೋರ್ನಿಯಾದ ನೌ-ಅಗೇನ್ ಎಂಬ ಕಂಪನಿ 2012ರಲ್ಲಿ ವಿಚ್‌ನ ಹಾಡುಗಳನ್ನು ಒಟ್ಟು ಮಾಡಿ ತಂದಿತು. 2017ರಲ್ಲಿ ಜಾಮ್‌ರಾಕ್‌ನ ಎರಡು ಸಂಕಲನಗಳು ಬಂದವು. 2019ರಲ್ಲಿ ವಿಚ್ ಬಗ್ಗೆ ಸಾಕ್ಷ್ಯಚಿತ್ರ ಬಂತು. ಯುರೋಪಿನ ಯುವ ಸಂಗೀತಗಾರರನ್ನು ಸೇರಿಸಿಕೊಂಡು ಜಗಾರಿ ಮತ್ತೆ ವೇದಿಕೆ ಹತ್ತಿದರು. ಡಿಸ್ಕೋ ಕಾಲದಲ್ಲಿ ತಂಡಕ್ಕೆ ಸೇರಿದ್ದ ಕೀಬೋರ್ಡ್ ವಾದಕ ಪ್ಯಾಟ್ರಿಕ್ ಮ್ವೊಂಡೆಲಾ ಕೂಡ ಮರಳಿದರು. 2023ರ ಆಲ್ಬಂ ಅನ್ನು ಲುಸಾಕಾದ ಹಳೇ ಡಿಬಿ ಸ್ಟುಡಿಯೋದಲ್ಲೇ ರೆಕಾರ್ಡ್ ಮಾಡಿದ್ದು. ಸಂಪಾ ಅದರಲ್ಲಿ ಹಾಡಿದ್ದಾರೆ.

ಇಲ್ಲಿಂದಲೇ ಜಗಳ ಶುರು.

ಎರಡು ವಾದ

ಒಂದು ಕಡೆಯವರು ಹೇಳುವುದು: ಈ ಸಂಗ್ರಾಹಕರು ಹುಡುಕದಿದ್ದರೆ ರೆಕಾರ್ಡುಗಳು ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿದ್ದವು. ಮೂಲ ಟೇಪುಗಳಲ್ಲಿ ಹಲವು ಕಳೆದೇ ಹೋಗಿವೆ. ಉಳಿದ ರೆಕಾರ್ಡನ್ನೇ ತೊಳೆದು, ಶುದ್ಧ ಮಾಡಿ ಮರುಮುದ್ರಣ ಮಾಡಬೇಕಾಗಿದೆ. ಬದುಕಿರುವ ಕಲಾವಿದರನ್ನು, ಇಲ್ಲದವರ ಕುಟುಂಬಗಳನ್ನು ಹುಡುಕಿ ಒಪ್ಪಂದ ಮಾಡಿಕೊಂಡ ಕಂಪನಿಗಳಿವೆ. ಜಗಾರಿ ಇಂದು ಲೋಕ ಸುತ್ತಿ ಹಾಡುತ್ತಿರುವುದಕ್ಕೂ ಇದೇ ಕಾರಣ.

ಇನ್ನೊಂದು ಕಡೆಯವರ ಮಾತು ಹೀಗೆ: ತಾಮ್ರಕ್ಕೆ ಆಗಿದ್ದೇ ಸಂಗೀತಕ್ಕೂ ಆಗಿದೆ. ಅದಿರು ಇಲ್ಲಿಂದ ಅಗ್ಗಕ್ಕೆ ಹೋಗುತ್ತದೆ, ತಂತಿಯಾಗಿ ದುಬಾರಿಯಾಗಿ ವಾಪಸ್ ಬರುತ್ತದೆ. ಲುಸಾಕಾದಲ್ಲಿ ಚಿಲ್ಲರೆಗೆ ಕೊಂಡ ರೆಕಾರ್ಡು ಲಂಡನ್ನಿನಲ್ಲಿ ನೂರಾರು ಡಾಲರ್ ಆಗುತ್ತದೆ. ಮರುಮುದ್ರಣದ ಬೆಲೆ ಜಾಂಬಿಯಾದ ಮಾಮೂಲಿ ಕೇಳುಗನ ಕೈಗೆ ಎಟುಕುವುದಿಲ್ಲ.

ಎರಡನೇ ವಾದದ ನೋವು ನಿಜ. ಆದರೆ ಹೋಲಿಕೆ ಒಂದು ಹಂತದ ನಂತರ ಹೊಂದುವುದಿಲ್ಲ. ಅದಿರು ಒಮ್ಮೆ ಹೋದರೆ ಹೋಯಿತು. ಹಾಡಿನ ಹಕ್ಕು ಹಾಗಲ್ಲ. ಕಾಗದ ಸರಿಯಾಗಿದ್ದರೆ ಅದು ಪ್ರತಿ ಸಲ ನುಡಿದಾಗಲೂ ಮನೆಗೆ ದುಡ್ಡು ತರುತ್ತದೆ. ತೊಂದರೆ ಇರುವುದು ಆ ಕಾಗದದಲ್ಲೇ.

ಗಡಿಯಾರ ಓಡುತ್ತಿದೆ

ಒಂದು ಹಾಡಿನ ಮೇಲೆ ಎರಡು ಬಗೆಯ ಹಕ್ಕು ಇರುತ್ತದೆ. ಹಾಡು ಬರೆದವರದ್ದು ಒಂದು. ಅದನ್ನು ರೆಕಾರ್ಡ್ ಮಾಡಿದ ಧ್ವನಿಮುದ್ರಣದ್ದು ಇನ್ನೊಂದು. ಹೊಸ ಹಾಡಿನಲ್ಲಿ ಹಳೆಯದರ ತುಣುಕು ಸೇರಿಸಬೇಕೆಂದರೆ ಎರಡಕ್ಕೂ ಒಪ್ಪಿಗೆ ಬೇಕು.

1970ರ ದಶಕದ ಲುಸಾಕಾದಲ್ಲಿ ಯಾರು ಎಷ್ಟು ಬರೆದರು ಅಂತ ತಂಡದೊಳಗೆ ಕಾಗದ ಮಾಡಿಕೊಳ್ಳುವ ರೂಢಿ ಅಷ್ಟಾಗಿ ಇರಲಿಲ್ಲ. ರೆಕಾರ್ಡ್ ಕಂಪನಿಗಳು ಮುಚ್ಚಿಹೋದವು. ಕಲಾವಿದರು ಉಯಿಲು ಬರೆಯದೆ, ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಜಾಂಬಿಯಾದ ಈಗಿನ ಕೃತಿಸ್ವಾಮ್ಯ ಕಾನೂನು ಬಂದಿದ್ದೇ 1994ರಲ್ಲಿ. ಅಷ್ಟರಲ್ಲಿ ಹೆಚ್ಚಿನವರು ಇರಲೇ ಇಲ್ಲ. ಯಾರ ಹತ್ತಿರ ಸಹಿ ಕೇಳಬೇಕು, ಯಾರ ಖಾತೆಗೆ ದುಡ್ಡು ಹಾಕಬೇಕು ಅನ್ನುವುದೇ ಹಲವು ಹಾಡುಗಳಿಗೆ ಬಗೆಹರಿಯದ ಪ್ರಶ್ನೆ.

ಇದರ ಜೊತೆ ಕಾಲದ ಲೆಕ್ಕ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಧ್ವನಿಮುದ್ರಣಕ್ಕೆ ಕನಿಷ್ಠ 50 ವರ್ಷ ರಕ್ಷಣೆ ಸಿಗಬೇಕು. ಯುರೋಪಿನಲ್ಲಿ ಅದು 70, ನಮ್ಮ ಭಾರತದಲ್ಲಿ 60. ಕನಿಷ್ಠಕ್ಕೇ ನಿಂತ ದೇಶಗಳಲ್ಲಿ 1975ರ ರೆಕಾರ್ಡಿನ ರಕ್ಷಣೆ 2025ಕ್ಕೆ ಮುಗಿಯಿತು. ಅಂದರೆ ಜಾಮ್‌ರಾಕ್‌ಗೆ ಲೋಕದ ಮಾರುಕಟ್ಟೆ ತೆರೆದ ಹೊತ್ತಿಗೇ ಕೆಲವು ಕಡೆ ಬಾಗಿಲು ಮುಚ್ಚುತ್ತಿದೆ. ಈ ಸಂಗತಿ ಹಳೇ ಹಾಡಿಗೆ ಹಂಬಲಿಸುವ ಲೇಖನಗಳಲ್ಲಿ ಹೆಚ್ಚು ಕಾಣುವುದಿಲ್ಲ, ಕಾಣಬೇಕು.

ಹಾಡು ಬರೆದವರ ಹಕ್ಕು ಹೆಚ್ಚು ಬಾಳುತ್ತದೆ. ಬರೆದವರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ. ಪಾಲ್ ಎನ್‌ಗೋಜಿ ತೀರಿಕೊಂಡಿದ್ದು 1989ರಲ್ಲಿ. ಹಾಗಾಗಿ ಅವರು ಬರೆದಿದ್ದಕ್ಕೆ 2039ರವರೆಗಾದರೂ ರಕ್ಷಣೆ ಇದೆ. ಈ ಅವಧಿಯೊಳಗೆ ಯಾವ ಕುಟುಂಬಗಳು ತಮ್ಮ ಹಕ್ಕು ದಾಖಲೆ ಮಾಡಿಕೊಳ್ಳುತ್ತವೋ ಅವರಿಗೆ ಮುಂದಿನ 'ನಾಯ್ಡ್'ನಲ್ಲಿ ಪಾಲು ಕೇಳುವ ದಾರಿ ಇರುತ್ತದೆ. ಉಳಿದವರಿಗೆ ಬರೀ ಹೆಸರು.

ಊರಿನೊಳಗೆ ಯಾರ ನೆನಪು?

ಜಾಂಬಿಯಾದ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಹದಿನೆಂಟರ ಆಸುಪಾಸಿನವರು ಇಲ್ಲವೇ ಅದಕ್ಕಿಂತ ಚಿಕ್ಕವರು. ಅವರಿಗೆ ಜಾಮ್‌ರಾಕ್ ನೆನಪಲ್ಲ, ಹೊಸ ಸುದ್ದಿ. ಎಷ್ಟೋ ಯುವಕರು ಇದನ್ನು ಕೇಳಿದ್ದು ಅಮೆರಿಕದ ರ್‍ಯಾಪ್ ಮೂಲಕವೇ.

ಹಿರಿಯರಲ್ಲೂ ಒಮ್ಮತ ಇಲ್ಲ. ಇಂಗ್ಲಿಷ್‌ನಲ್ಲಿ ಹಾಡಿ, ಹೆಂಡ್ರಿಕ್ಸ್ ಥರ ಗಿಟಾರ್ ನುಡಿಸಿದ್ದನ್ನು ದೇಶದ ಸಂಗೀತ ಅಂತ ಹೇಗೆ ಕರೆಯೋದು ಅಂತ ಕೇಳುವವರಿದ್ದಾರೆ. ಅವರ ಪಾಲಿಗೆ ನಿಜವಾದ ನಾಡಿನ ಸಂಗೀತ ಅಂದರೆ ಆಮೇಲೆ ಬಂದ ಕಲಿಂದುಲಾ. ಆದರೆ ಪಾಲ್ ಎನ್‌ಗೋಜಿಯ ನ್ಯಾಂಜಾ ಹಾಡುಗಳನ್ನು ಕೇಳಿದರೆ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಬೀದಿಯ ಮಾತು, ಗಂಡ ಹೆಂಡತಿ ಜಗಳ, ಬಡತನ ಎಲ್ಲ ಅವರ ಹಾಡಿನಲ್ಲಿವೆ. ಮಾಮೂಲಿ ಜನ ಅದನ್ನು ತಮ್ಮದು ಅಂತಲೇ ಕೇಳಿದರು.

ಧರ್ಮದ ತೊಡಕೂ ಇದೆ. 1991ರಲ್ಲಿ ಆಗಿನ ಅಧ್ಯಕ್ಷ ಫ್ರೆಡರಿಕ್ ಚಿಲೂಬಾ ಜಾಂಬಿಯಾವನ್ನು ಕ್ರೈಸ್ತ ರಾಷ್ಟ್ರ ಎಂದು ಘೋಷಿಸಿದರು. 'ಮಾಟಗಾತಿ' ಅಂತಲೂ ಅರ್ಥ ಬರುವ ಹೆಸರಿನ ತಂಡವನ್ನು ಅಲ್ಲಿನ ಎಲ್ಲ ಮನೆಗಳೂ ಸುಲಭವಾಗಿ ಒಪ್ಪುವುದಿಲ್ಲ. ಇಷ್ಟರ ನಡುವೆಯೂ ಲುಸಾಕಾದ ಮೊಡ್ಜಿ ಆರ್ಟ್ಸ್ ಎಂಬ ಕಲಾ ಸಂಸ್ಥೆ ಜಾಮ್‌ರಾಕ್‌ಗೆಂದೇ ಪುಟ್ಟ ಮ್ಯೂಸಿಯಂ ಮಾಡಿದೆ. ಈ ಕೆಲಸ ದೇಶದೊಳಗೇ ಆಗುತ್ತಿರುವುದು ನಿಜಕ್ಕೂ ಸಮಾಧಾನದ ಸಂಗತಿ.

ಮುಂದೇನು

ತಾಮ್ರಕ್ಕೆ ಈಗ ಮತ್ತೆ ಬೇಡಿಕೆ ಬಂದಿದೆ. ಎಲೆಕ್ಟ್ರಿಕ್ ಕಾರು, ವಿದ್ಯುತ್ ಜಾಲ ಎಲ್ಲದಕ್ಕೂ ಅದು ಬೇಕು. ಹಕೈಂಡೆ ಹಿಚಿಲೆಮಾ ಸರ್ಕಾರ 2030ರ ದಶಕದ ಆರಂಭಕ್ಕೆ ವರ್ಷಕ್ಕೆ 30 ಲಕ್ಷ ಟನ್ ತಾಮ್ರ ತೆಗೆಯುವ ಗುರಿ ಇಟ್ಟುಕೊಂಡಿದೆ. ಹಾಗಾದರೆ ಇನ್ನೊಂದು ಜಾಮ್‌ರಾಕ್ ಹುಟ್ಟುತ್ತದಾ?

ಸುಮ್ನೆ ತಾಮ್ರ ಹೆಚ್ಚಾದರೆ ಹುಟ್ಟುವುದಿಲ್ಲ. ಗಣಿಗಳು 1990ರ ದಶಕದ ಕೊನೆಗೆ ಖಾಸಗಿಯಾದವು. ಯಂತ್ರಗಳು ಬಂದಮೇಲೆ ಒಂದು ಟನ್ನಿಗೆ ಬೇಕಾದ ಕೈಗಳು ಕಡಿಮೆ. ಕಂಪನಿಯೇ ನಡೆಸುತ್ತಿದ್ದ ಕ್ಲಬ್ಬು, ಸಭಾಂಗಣಗಳ ಆ ಕಾಲ ಮುಗಿದಿದೆ. ಸಂಬಳದಿಂದ ಕುಣಿತಕ್ಕೆ, ಕುಣಿತದಿಂದ ತಂಡಕ್ಕೆ ಹರಿಯುತ್ತಿದ್ದ ದುಡ್ಡಿನ ಹಾದಿ ಈಗಿಲ್ಲ.

ಈಗಿನವರ ಹಾದಿ ಬೇರೆ. ಸಂಪಾ ಹುಟ್ಟಿದ್ದು ಜಾಂಬಿಯಾದಲ್ಲಿ, ಬೆಳೆದದ್ದು ಬೋಟ್ಸ್ವಾನಾದಲ್ಲಿ, ಹೆಸರು ಮಾಡಿದ್ದು ಆಸ್ಟ್ರೇಲಿಯಾದಲ್ಲಿ. ಕೇಳುಗರು ಲೋಕದ ತುಂಬ ಇದ್ದಾರೆ, ದುಡ್ಡು ಸ್ಟ್ರೀಮಿಂಗ್ ಮತ್ತು ವೇದಿಕೆಗಳಿಂದ ಬರುತ್ತದೆ. ತಮ್ಮ ಹಾಡಿನ ಹಕ್ಕು ಯಾರ ಹೆಸರಿನಲ್ಲಿದೆ ಅಂತ ಮೊದಲ ದಿನವೇ ಕೇಳುವ ಅರಿವು ಈ ತಲೆಮಾರಿಗೆ ಇದೆ. ಅವರ ಜೊತೆ ಒಂದೇ ವೇದಿಕೆಯಲ್ಲಿ, ಎಪ್ಪತ್ತು ದಾಟಿದ ಜಗಾರಿ ಇನ್ನೂ ಹಾಡುತ್ತಿದ್ದಾರೆ.